ಗೋಡೆಯೊಳಗೆ ಹವಳ

ದುಬೈನ ಅಲ್ ಫಹೀದಿ ಓಣಿಗಳಲ್ಲಿ ಗುಂಪಾಗಿ ಅಲೆದು ಈಗಷ್ಟೇ ಕ್ರೀಕ್ ದಂಡೆಯಲ್ಲಿ ಕೂತಿದ್ದೇವೆ. ವರ್ಷಗಳಿಂದ ಇಲ್ಲೇ ಇದ್ದವರೂ ಆ ಗೋಡೆಗಳನ್ನು ಮುಟ್ಟಿ ನೋಡಿದ್ದು ಇವತ್ತೇ. ಸಮುದ್ರದ ಹವಳಗಲ್ಲು! ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳ ಮನೆಗಳಂತೆ. ಮೇಲೆ ಬರ್ಜೀಲ್ ಗೋಪುರ: ನಾಲ್ಕೂ ದಿಕ್ಕಿಗೆ ತೆರೆದುಕೊಂಡು, ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟೇ ಇಲ್ಲದ ಕಾಲದಲ್ಲಿ ಎಂಥಾ ಬುದ್ಧಿ! ಪಕ್ಕದಲ್ಲೇ 1787ರ ಕೋಟೆ.

ಒಬ್ಬೊಬ್ಬರೇ ಬಂದಿದ್ದರೆ ಫೋಟೊ ತೆಗೆದು ಹೊರಟುಬಿಡುತ್ತಿದ್ದೆವು. ಗುಂಪಿನಲ್ಲಿ ಯಾರೋ ಪ್ರಶ್ನೆ ಕೇಳುತ್ತಾರೆ, ಇನ್ಯಾರೋ ತಲೆಯೆತ್ತಿ ತೋರಿಸುತ್ತಾರೆ. ಮಕ್ಕಳಂತೂ ಗೋಪುರದಡಿ ನಿಂತು ಗಾಳಿ ಬರುತ್ತಾ ಅಂತ ಕೈಯೊಡ್ಡಿದವು. ದುಬೈಗೆ ಇತಿಹಾಸವೇ ಇಲ್ಲ ಅನ್ನುವವರನ್ನು ಇಲ್ಲಿಗೆ ಕರೆತರಬೇಕು.

ಮುಂದಿನ ಸಲ ಅಬ್ರಾ ದೋಣಿ ಹತ್ತಿ ಆಚೆ ದಂಡೆಯ ದೇರಾ ಕಡೆಗೆ, 1912ರ ಅಹ್ಮದಿಯಾ ಶಾಲೆ ನೋಡೋಕೆ. ಯಾರ್ಯಾರು ಬರ್ತೀರಿ?