ಅಜ್ಜಿಯ ಕರಡಿಗೆ

ಮಕ್ತಲ್‌ನಲ್ಲಿ ಅಜ್ಜಿಯನ್ನು ಸಮಾಧಿಗೆ ಒಯ್ಯುವ ಮುನ್ನ, ಸ್ನಾನ ಮಾಡಿಸಿ ವಿಭೂತಿ ಧರಿಸಿದ ಮೇಲೆ, ಮನೆಯವರಲ್ಲಿ ಒಂದು ಮಾತು ಎದ್ದಿತು. ಅವಳ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಏನು ಮಾಡುವುದು? ಒಳಗಿನ ಇಷ್ಟಲಿಂಗದ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅದು ಅವಳ ಎಡ ಅಂಗೈಯಲ್ಲಿದ್ದು ಅವಳೊಡನೆಯೇ ಮಣ್ಣಿಗೆ ಹೋಗತಕ್ಕದ್ದು. ಕರಡಿಗೆಯಾದರೋ ಅಜ್ಜನು ನಾರಾಯಣಪೇಟೆಯ ಅಕ್ಕಸಾಲಿಗನಿಂದ ಮಾಡಿಸಿದ್ದು, ತೂಕವುಳ್ಳದ್ದು. ಚಿಕ್ಕಪ್ಪನವರು ಅದೂ ಜೊತೆಗೆ ಹೋಗಲಿ ಎಂದರು. ಬಂದಿದ್ದ ಅಯ್ಯನವರು, "ಬೆಳ್ಳಿ ಮನೆಯಲ್ಲಿರಲಿ" ಎಂದಷ್ಟೇ ನುಡಿದರು. ಹಾಗೆ ಅದು ನನ್ನ ಪಾಲಿಗೆ ಬಂದಿತು.

ಅಜ್ಜಿಯ ತವರು ಗದ್ವಾಲ. 1956ರವರೆಗೆ ಆ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿಯೇ ಇದ್ದಿತು. ಹಸುಗೂಸಾಗಿದ್ದಾಗ ಅಲ್ಲಿ ಕಟ್ಟಿದ ಲಿಂಗದೊಡನೆಯೇ ಅವಳು ಮದುವಣಗಿತ್ತಿಯಾಗಿ ಕೃಷ್ಣೆಯನ್ನು ದಾಟಿ ನಮ್ಮ ಮನೆ ತುಂಬಿದಳು. ಊರು ಬದಲಾಯಿತು, ಬಳಿಕ ಊರಿನ ಜಿಲ್ಲೆಯೂ ರಾಜ್ಯವೂ ಬದಲಾದವು. ಲಿಂಗ ಎದೆಯಿಂದ ಕದಲಲಿಲ್ಲ.

ಆ ದಿನಗಳಲ್ಲಿ ಜಪಾನಿನ ಪ್ರಾಚೀನ ಮಣಿಗಳನ್ನು ಕುರಿತು ಓದುತ್ತಿದ್ದೆ. ಗೋಡಂಬಿಯಂತೆ ಬಾಗಿದ, ತಲೆಯಲ್ಲಿ ರಂಧ್ರವುಳ್ಳ ಈ ಮಣಿಗೆ ಅಲ್ಲಿ ಮಾಗಾತಾಮ ಎಂದು ಹೆಸರು. ಇತೊಯಿಗಾವಾ ಪ್ರದೇಶದ ಹಸಿರು ಶಿಲೆಯಿಂದ ಕೊರೆದ ಇಂಥ ಮಣಿಗಳು ಸಾವಿರಾರು ವರ್ಷಗಳಷ್ಟು ಹಳೆಯವು. ಪ್ರಾಚೀನ ದೊರೆಗಳ ದಿಬ್ಬಸಮಾಧಿಗಳಲ್ಲಿ ಮೃತರ ಜೊತೆಗೇ ದೊರೆತಿವೆ. ಆ ಭಾಷೆಯಲ್ಲಿ 'ತಾಮ' ಎಂದರೆ ಮಣಿ. ಅದೇ ಉಚ್ಚಾರಣೆಯ ಮತ್ತೊಂದು ಶಬ್ದಕ್ಕೆ ಆತ್ಮವೆಂದು ಅರ್ಥ. ಇಷ್ಟು ಓದಿ ಪುಸ್ತಕವನ್ನು ಮಡಚಿಟ್ಟೆ. ಅಜ್ಜಿಯ ಅಂಗೈ ಕಣ್ಣ ಮುಂದೆ ಬಂದಿತ್ತು.

ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಅವರ ಮಣಿ ಅರಸೊತ್ತಿಗೆಯ ಕುರುಹಾಯಿತು. 712ರಲ್ಲಿ ರಚಿತವಾದ 'ಕೊಜಿಕಿ'ಯಲ್ಲಿ, ಗುಹೆಯಲ್ಲಿ ಅಡಗಿದ ಸೂರ್ಯದೇವಿಯನ್ನು ಹೊರಗೆ ಕರೆಯಲು ದೇವತೆಗಳು ಮರಕ್ಕೆ ಮಣಿಮಾಲೆಯನ್ನು ತೂಗಿದ ಕಥೆಯಿದೆ. ಕನ್ನಡಿ ಮತ್ತು ಖಡ್ಗಗಳೊಡನೆ ಆ ಮಣಿಯೇ ಸಿಂಹಾಸನದ ಮೂರು ನಿಧಿಗಳಲ್ಲಿ ಒಂದು. 2019ರ ಮೇ 1ರಂದು ನಾರುಹಿತೊ ಪಟ್ಟಕ್ಕೆ ಬಂದಾಗಲೂ ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಯೇ ತಂದರು. ನಮ್ಮ ಲಿಂಗವೂ ಕಂತಿಯೊಳಗೆ, ಕರಡಿಗೆಯೊಳಗೆ ಮರೆಯಾಗಿಯೇ ಇರುತ್ತದೆ. ಆದರೆ ಅದು ಅರಸನಿಗೊಂದು ಎಂದಲ್ಲ, ಹೆಣ್ಣು ಗಂಡೆನ್ನದೆ ಒಬ್ಬೊಬ್ಬರಿಗೂ ಒಂದೊಂದು. ನಿತ್ಯವೂ ಅಂಗೈಗೆ ಬಂದು ಪೂಜೆಗೊಳ್ಳುವುದು. ಅಜ್ಜಿ ಅದಾಗದೆ ಬಾಯಿಗೆ ನೀರು ಹಾಕಿದವಳಲ್ಲ.

ಇಷ್ಟನ್ನೆಲ್ಲ ಬರೆಯುವ ನನ್ನ ಲಿಂಗವೋ ಜಗಲಿಯ ಮೇಲಿನ ಡಬ್ಬಿಯಲ್ಲಿದೆ. ಕಚೇರಿಗೆ ಸೇರಿದ ಹೊಸತರಲ್ಲಿ, ಶಿವದಾರ ಹರಿದುದೇ ನೆಪವಾಗಿ, ತೆಗೆದಿಟ್ಟೆ. ಹೊಸ ದಾರಕ್ಕೆ ಎಷ್ಟು ಹಣ ಬೇಕಾಗಿದ್ದೀತು!

ಮೊನ್ನೆ ಮಗಳು ಕರಡಿಗೆಯನ್ನು ಕೈಗೆತ್ತಿಕೊಂಡು, ಈ 'ವೆಂಡಿ ಡಬ್ಬಿ'ಯಲ್ಲಿ ತನ್ನ ಓಲೆಗಳನ್ನು ಇಟ್ಟುಕೊಳ್ಳಲೇ ಎಂದು ಕೇಳಿದಳು. ತೆಲುಗು ಶಾಲೆಯ ಹುಡುಗಿ. ಅವಳಿಗೆ ಅದು ಬೆಳ್ಳಿಯ ಡಬ್ಬಿಯೇ. ಕರಡಿಗೆ ಎನ್ನಬೇಕು ಎಂದು ತಿದ್ದಿದೆ. ಒಳಗೆ ಏನಿತ್ತು ಎಂದಳು. ಹೇಳಿದೆ. "ಹಾಗಾದರೆ ನಿಮ್ಮದು ಎಲ್ಲಿದೆ, ಅಪ್ಪಾ?" ಎಂದಳು.

ಜಗಲಿಯ ಮೇಲಿನ ಡಬ್ಬಿಯನ್ನು ಕೆಳಗಿಳಿಸಿದೆ.