ಅಳತೆಗೆ ತಕ್ಕ ಗಾಲಿಕುರ್ಚಿ

ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಕೇಂದ್ರದ ಎಡಿಐಪಿ ಯೋಜನೆಯಡಿ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ ತಯಾರಿಸಿದ ಗಾಲಿಕುರ್ಚಿಗಳು ಶಿಬಿರಗಳ ಮೂಲಕ ಜಿಲ್ಲೆಗಳಿಗೆ ಬರುತ್ತವೆ. ಬಡವರಿಗೆ ಅದು ದೊಡ್ಡ ಆಸರೆಯೇ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಅಳತೆ ಮೀರಿದ, ಜೋತುಬಿದ್ದ ಸೀಟಿನಲ್ಲಿ ಕೂರಿಸಿದರೆ ಸೊಂಟ ಒಂದು ಬದಿಗೆ ಜಾರುತ್ತದೆ, ಬೆನ್ನು ವಾಲುತ್ತದೆ, ತುತ್ತು ನುಂಗುವುದೂ ಕಷ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಅಳತೆ, ಹೊಂದಾಣಿಕೆ, ತರಬೇತಿ, ರಿಪೇರಿಗಳನ್ನೆಲ್ಲ ಸೇರಿಸಿಯೇ ಗಾಲಿಕುರ್ಚಿ ಸೇವೆ ಎನ್ನುತ್ತದೆ. ಅಷ್ಟು ತಜ್ಞರು ಎಲ್ಲಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಳ್ಳಾರಿ ಜಿಲ್ಲೆಯನ್ನೇ ತೆಗೆದುಕೊಂಡರೆ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಿಗೆ ಬೇರೆ ಬೇರೆ ತಜ್ಞರು ಬೇಕಿಲ್ಲ. ಬಳ್ಳಾರಿ ನಗರದಲ್ಲಿ ಅಳತೆ ತೆಗೆದು ಕುರ್ಚಿ ಹೊಂದಿಸಿಕೊಡುವ ಒಂದು ಸೀಟಿಂಗ್ ಘಟಕ, ಅಲ್ಲಿನವರು ತಿಂಗಳಿಗೊಮ್ಮೆ ತಾಲ್ಲೂಕಿಗೆ ಬಂದು ಹೋಗುವ ಏರ್ಪಾಡು ಇದ್ದರೆ ಶುರುವಿಗೆ ಸಾಕು. ಖರ್ಚು ಹೆಚ್ಚೆನ್ನುವವರು ಕೂತು ಕೂತು ಆದ ಹುಣ್ಣಿಗೆ ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯನ್ನೂ, ಮಗುವನ್ನು ಬಿಟ್ಟುಹೋಗಲಾಗದೆ ತಾಯಿ ಕಳೆದುಕೊಳ್ಳುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಲಿ.