ಶ್ಯೋಕ್ ನದಿಯ ಮೇಲೊಂದು ಹೆಸರು

ಲೇಹ್ ಪಟ್ಟಣವನ್ನು ಬಿಟ್ಟು ಮೂಡಲಿಗೆ ಹೊರಟ ವಾಹನವು 17,000 ಅಡಿಗೂ ಮಿಗಿಲಾದ ಚಾಂಗ್ ಲಾ ಕಣಿವೆದಾರಿಯನ್ನು ಏರಿ ಇಳಿಯುವ ವೇಳೆಗೆ ಬಯಲುಸೀಮೆಯ ಪ್ರಯಾಣಿಕನ ತಲೆ ಸಿಡಿಯತೊಡಗಿರುತ್ತದೆ. ಕಣ್ಣಿಗೆ ಬೀಳುವುದು ಬೋಳು ಬೆಟ್ಟ, ಜಲ್ಲಿಕಲ್ಲು, ಕಡುನೀಲಿ ಆಕಾಶ. ಆಚೆ ಕಡೆ ದುರ್ಬುಕ್, ಅಲ್ಲಿಂದ ಮುಂದೆ ಶ್ಯೋಕ್ ಎಂಬ ಹಳ್ಳಿ. ಹಳ್ಳಿಗೆ ಆ ಹೆಸರು ಬಂದದ್ದು ಪಕ್ಕದಲ್ಲಿ ಹರಿಯುವ ನದಿಯಿಂದ. ಆ ನದಿಯ ಜಾಡು ಹಿಡಿದು ಬಡಗಲಿಗೆ ಸಾಗುವ 255 ಕಿಲೋಮೀಟರಿನ ರಸ್ತೆಯು ದೌಲತ್ ಬೇಗ್ ಓಲ್ಡಿ ಎಂಬ ಸೇನಾ ನೆಲೆಯಲ್ಲಿ ಕೊನೆಗಾಣುತ್ತದೆ.

ಇದು ಹೊಸ ಹಾದಿಯೇನಲ್ಲ. ಲೇಹದ ವರ್ತಕರು ಕಾರಾಕೋರಂ ದಾಟಿ ಯಾರ್ಕಂದಿಗೆ ಹೋಗುತ್ತಿದ್ದುದು ಈ ಸೀಮೆಯ ಮೂಲಕವೇ. ನುಬ್ರಾ ಕಣಿವೆಯ ಮರಳಿನಲ್ಲಿ ಇಂದು ಪ್ರವಾಸಿಗಳನ್ನು ಹೊತ್ತು ತಿರುಗುವ ಎರಡು ಡುಬ್ಬದ ಒಂಟೆಗಳು ಆ ವ್ಯಾಪಾರದ ಉಳಿಕೆ. ವ್ಯಾಪಾರ ನಿಂತುಹೋಯಿತು, ಒಂಟೆಗಳಿಗೆ ಬೇರೆ ಉದ್ಯೋಗ ದೊರೆಯಿತು.

ಶ್ಯೋಕ್ ನದಿಯ ಸ್ವಭಾವ ಮಾತ್ರ ಬದಲಾಗಿಲ್ಲ. ಬೇಸಗೆಯಲ್ಲಿ ಹಿಮನದಿಗಳು ಕರಗಿದಂತೆಲ್ಲ ಅದು ಕೆಸರು ಬಣ್ಣ ತಾಳಿ, ಅಗಲವಾದ ಜಲ್ಲಿಯ ಪಾತ್ರದಲ್ಲಿ ದಿನಕ್ಕೊಂದು ಕಡೆ ಹೊರಳುತ್ತದೆ. ಮೊದಲು ಪಾತ್ರದ ಅಂಚಿಗೆ ಹಾಕಿದ್ದ ರಸ್ತೆಯನ್ನು ನೆರೆ ಹಾಳುಗೆಡವಿದುದರಿಂದ ಬಹುಭಾಗವನ್ನು ಬೇರೆ ಜಾಡಿನಲ್ಲಿ ಮತ್ತೆ ಹಾಕಬೇಕಾಯಿತು. ನದಿಯನ್ನು ದಾಟಲೇಬೇಕಾದ ಕಡೆ, ಸುಮಾರು 14,650 ಅಡಿ ಎತ್ತರದಲ್ಲಿ, ಗಡಿ ರಸ್ತೆಗಳ ಸಂಸ್ಥೆಯು 1,400 ಅಡಿ ಉದ್ದದ ಸೇತುವೆಯನ್ನು ಕಟ್ಟಿತು. ಸಡಿಲ ನೆಲದಲ್ಲಿ ಸಣ್ಣ ವ್ಯಾಸದ ಕಂಬಗಳನ್ನು ಆಳಕ್ಕೆ ಕೊರೆದು ಇಳಿಸಿ ಅಡಿಪಾಯ ಹಾಕಿದರು. ರಕ್ಷಣಾ ಸಚಿವ ರಾಜನಾಥ ಸಿಂಗ್ ಅವರು 2019ರ ಅಕ್ಟೋಬರ್ 21ರಂದು ಅದನ್ನು ಉದ್ಘಾಟಿಸಿದರು. ಇಟ್ಟ ಹೆಸರು ಕರ್ನಲ್ ಚೇವಾಂಗ್ ರಿಂಚೆನ್ ಸೇತುವೆ.

ಸೇತುವೆಗೆ ಹೆಸರಿಡುವಾಗ ರಾಜಧಾನಿಯ ಕಡೆ ಕಣ್ಣು ಹಾಯಿಸುವುದು ವಾಡಿಕೆ. ಇಲ್ಲಿ ಹಾಗೆ ಆಗಲಿಲ್ಲ. ರಿಂಚೆನ್ ಅವರು 1931ರಲ್ಲಿ ಹುಟ್ಟಿದ ಸುಮೂರ್ ಗ್ರಾಮವಿರುವುದು ಇದೇ ನದಿಯ ಕೆಳ ಹರಿವಿನಲ್ಲಿ, ನುಬ್ರಾ ಹೊಳೆ ಬಂದು ಶ್ಯೋಕನ್ನು ಕೂಡುವ ಸಂಗಮಕ್ಕೆ ಸಮೀಪದಲ್ಲಿ.

1948ರ ಚಳಿಗಾಲದಲ್ಲಿ ಪಾಕಿಸ್ತಾನದ ದಾಳಿಕಾರರು ಲಡಾಖಿನತ್ತ ನುಗ್ಗುತ್ತಿದ್ದಾಗ ಲೇಹದಲ್ಲಿ ಇದ್ದ ಸೈನ್ಯ ಅತ್ಯಲ್ಪ. ಲಾಹೌಲಿನವರಾದ ಪೃಥಿ ಚಂದ್ ಅವರು ಚಿಕ್ಕ ದಳವೊಂದರೊಡನೆ ಹಿಮ ತುಂಬಿದ ಜೋಜಿ ಲಾ ದಾಟಿ ನಡೆದು ಬಂದು, ಊರಿನವರನ್ನೇ ಸೈನಿಕರನ್ನಾಗಿ ತಯಾರುಮಾಡಲು ತೊಡಗಿದರು. ಆಗ ಮುಂದೆ ಬಂದವರಲ್ಲಿ ಇನ್ನೂ ಹದಿನೇಳು ತುಂಬದ ರಿಂಚೆನ್ ಒಬ್ಬರು. ಜೊತೆಗೂಡಿದ ನುಬ್ರಾದ 28 ತರುಣರನ್ನು ಕಟ್ಟಿಕೊಂಡು ತಮ್ಮ ಕಣಿವೆಯ ಬಾಯಿಯನ್ನು ಕಾದರು. ಬೆಟ್ಟದ ಒಂದೊಂದು ಕಾಲುದಾರಿಯನ್ನೂ ಬಲ್ಲ ಹುಡುಗರು. ಆ ಹಿಮದಲ್ಲಿ ಅದಕ್ಕಿಂತ ದೊಡ್ಡ ಆಯುಧ ಇರಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಮೆಹರ್ ಸಿಂಗ್ ಅವರು ಹಾರಿಸಿದ ಡಕೋಟ ವಿಮಾನವು ಲೇಹದ ಹೊಸ ಓಡುದಾರಿಯಲ್ಲಿ ಇಳಿಯಿತು. ಆ ದಾರಿಯನ್ನು ಸಿದ್ಧಪಡಿಸಿದವರು ಲಡಾಖಿನ ಎಂಜಿನಿಯರ್ ಸೋನಂ ನೋರ್ಬು. ವಿಮಾನದೊಳಗೆ ಇದ್ದ ಸೇನಾನಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು. ಕಾವೇರಿಯ ನಾಡಿಗೂ ಶ್ಯೋಕಿನ ನಾಡಿಗೂ ನಂಟು ಬೆಳೆದದ್ದು ಹೀಗೆ.

ರಿಂಚೆನ್ ಅವರಿಗೆ ಆ ಯುದ್ಧದ ಸಾಹಸಕ್ಕಾಗಿ ಮಹಾವೀರ ಚಕ್ರ ದೊರೆಯಿತು. 1971ರ ಡಿಸೆಂಬರಿನಲ್ಲಿ, ಆಗ ಮೇಜರ್ ಆಗಿದ್ದ ಅವರು, ಶ್ಯೋಕ್ ನದಿಯನ್ನು ಅನುಸರಿಸಿ ಪಶ್ಚಿಮಕ್ಕೆ ನಡೆದು ಚಾಲುಂಕಾ, ತುರ್ತುಕ್ ಮೊದಲಾದ ಹಳ್ಳಿಗಳನ್ನು ಹಿಡಿದರು. ಅದೇ ಪದಕ ಎರಡನೆಯ ಬಾರಿ ಬಂದಿತು. ಅಂತಹ ಗೌರವ ಪಡೆದವರು ಇಡೀ ಸೇನೆಯಲ್ಲಿ ಕೆಲವೇ ಮಂದಿ. 1997ರಲ್ಲಿ ಅವರು ತೀರಿಕೊಂಡರು. ಅಂದು ಜೊತೆಯಲ್ಲಿ ನಡೆದ ನುಬ್ರಾದ ತರುಣರ ಹೆಸರುಗಳನ್ನು ದಕ್ಷಿಣದಲ್ಲಿ ಕೇಳಿದವರೇ ಇಲ್ಲವೆನ್ನಬೇಕು. ಸೇತುವೆಯ ಫಲಕದಲ್ಲಿ ಎಲ್ಲರಿಗೂ ಸ್ಥಳ ಎಲ್ಲಿಂದ ಬಂದೀತು?

ತುರ್ತುಕಿನಲ್ಲಿ ಇದೇ ಯುದ್ಧದ ಕಥೆಗೆ ಇನ್ನೊಂದು ಮುಖವುಂಟು. ಏಪ್ರಿಕಾಟ್ ತೋಟಗಳ ಆ ಬಾಲ್ತಿ ಗ್ರಾಮದ ಜನರು ಸಂಜೆ ಪಾಕಿಸ್ತಾನದ ಆಡಳಿತದಲ್ಲಿ ಮಲಗಿ ಬೆಳಗ್ಗೆ ಭಾರತದಲ್ಲಿ ಎದ್ದರು ಎನ್ನುವುದು ಬರಿಯ ಚಮತ್ಕಾರದ ಮಾತಲ್ಲ. ಅಂದು ಕೆಲಸಕ್ಕೆಂದು, ಓದಿಗೆಂದು ಆಚೆ ಹೋಗಿದ್ದವರು ಆಚೆಯೇ ಉಳಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಅಣ್ಣ ಅಲ್ಲಿ, ತಮ್ಮ ಇಲ್ಲಿ. 1972ರ ಶಿಮ್ಲಾ ಒಪ್ಪಂದದ ಬಳಿಕ ಆ ಗೆರೆ ಹಾಗೆಯೇ ನಿಂತಿತು. ಕರ್ನಲ್ ರಿಂಚೆನ್ ಅವರ ಹೆಸರಿನ ಸೇತುವೆಯ ಕೆಳಗೆ ಹರಿದ ನೀರು ಸುಮೂರಿನ ಸಮೀಪದ ಸಂಗಮವನ್ನು ದಾಟಿ, ತುರ್ತುಕಿನ ತೋಟಗಳ ಬದಿಯಿಂದ ಹಾಯ್ದು, ಆ ಗೆರೆಯ ಆಚೆಗೆ ಸಿಂಧೂ ನದಿಯನ್ನು ಸೇರುತ್ತದೆ. ಊರಿನವರು ಅದರೊಡನೆ ಹೋಗುವಂತಿಲ್ಲ.